ಎರಡು ಹೆಸರಿನ ಊರುಗಳು, ಗುಲಾಬಿ ಬಣ್ಣದ ಬೆಟ್ಟಗಳು: ದಕ್ಷಿಣ ಟಿರೋಲ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಪ್ರವಾಸ ಪುಟಗಳಲ್ಲಿ ಇಟಲಿಯ ಉತ್ತರ ತುದಿಯಲ್ಲಿರುವ ಆಲ್ಪ್ಸ್ ಪರ್ವತಗಳ ಪ್ರಾಂತ್ಯವಾದ ದಕ್ಷಿಣ ಟಿರೋಲ್‌ನ ಚಿತ್ರಗಳು ಪ್ರಕಟವಾದ ಮೇಲೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಹೋಟೆಲ್ ದರ, ವಿಮಾನದ ಟಿಕೆಟ್ಟಿನ ಬೆಲೆ ಕೇಳಿದವರು ಕ್ಷಮಿಸಬೇಕು. ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಆ ಅಂಕಿಗಳು ಹಳತಾಗಿರುತ್ತವೆ.

ಪ್ರಶ್ನೆ: ಒಂದೇ ಊರನ್ನು ಒಂದು ಚಿತ್ರದ ಕೆಳಗೆ ಬೊಲ್ಜಾನೊ ಎಂದೂ ಇನ್ನೊಂದರ ಕೆಳಗೆ ಬೋಟ್ಸೆನ್ ಎಂದೂ ಬರೆದಿದ್ದೀರಿ. ಇದು ಅಚ್ಚಿನ ತಪ್ಪೇ? ಈ ಪ್ರಾಂತ್ಯ ಇಟಲಿಯದೋ, ಆಸ್ಟ್ರಿಯಾದ್ದೋ? (ಓದುಗರೊಬ್ಬರು, ಮೈಸೂರು)

ಉತ್ತರ: ಅಚ್ಚಿನ ತಪ್ಪಲ್ಲ, ಎರಡೂ ಆ ಊರಿನ ಅಧಿಕೃತ ಹೆಸರುಗಳೇ. ಮೊದಲನೆಯದು ಇಟಾಲಿಯನ್, ಎರಡನೆಯದು ಜರ್ಮನ್. ಬುಲ್ಸಾನ್ ಎಂಬ ಮೂರನೆಯ ಹೆಸರೂ ಇದೆ, ಅದು ಅಲ್ಲಿನ ಕೆಲವು ಕಣಿವೆಗಳ ಜನರಾಡುವ ಲಾದಿನ್ ಭಾಷೆಯದು. ಪ್ರಾಂತ್ಯಕ್ಕೂ ಹೀಗೆಯೇ ಜರ್ಮನ್ನಿನಲ್ಲಿ ಸ್ಯೂಡ್‌ಟಿರೋಲ್, ಇಟಾಲಿಯನ್ನಿನಲ್ಲಿ ಆಲ್ತೊ ಆದಿಜೆ, ಅಂದರೆ ಆದಿಜೆ ನದಿಯ ಮೇಲಣ ಸೀಮೆ, ಎಂಬ ಹೆಸರುಗಳಿವೆ. ವಿಸ್ತೀರ್ಣ ಸುಮಾರು 7,400 ಚದರ ಕಿಲೋಮೀಟರ್. ನಮ್ಮ ಚಿಕ್ಕಮಗಳೂರು ಜಿಲ್ಲೆಗಿಂತ ತುಸು ದೊಡ್ಡದು. ಜನಸಂಖ್ಯೆ ಐದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನರ ಮನೆಮಾತು ಜರ್ಮನ್, ಕಾಲು ಭಾಗದಷ್ಟು ಜನರದು ಇಟಾಲಿಯನ್, ನೂರಕ್ಕೆ ನಾಲ್ಕೈದು ಮಂದಿಯದು ಲಾದಿನ್.

ಇದಕ್ಕೆ ಕಾರಣ ಯುದ್ಧ. ಶತಮಾನಗಳ ಕಾಲ ಆಸ್ಟ್ರಿಯಾದ ಟಿರೋಲ್ ಸೀಮೆಗೆ ಸೇರಿದ್ದ ಈ ಪ್ರದೇಶವು ಮೊದಲ ಮಹಾಯುದ್ಧದ ನಂತರ, 1919ರ ಸೇಂಟ್ ಜರ್ಮೇನ್ ಒಪ್ಪಂದದ ಪ್ರಕಾರ ಇಟಲಿಯ ಪಾಲಾಯಿತು. ಮುಸೊಲಿನಿಯ ಆಳ್ವಿಕೆಯಲ್ಲಿ ಊರುಗಳ ಹೆಸರುಗಳನ್ನು ಇಟಾಲಿಯನ್ ರೂಪಕ್ಕೆ ತಿರುಗಿಸಲಾಯಿತು, ಶಾಲೆಗಳಲ್ಲಿ ಜರ್ಮನ್ ಬೋಧನೆಯನ್ನು ನಿಷೇಧಿಸಲಾಯಿತು, ಮಕ್ಕಳು ಮನೆಯ ಒಳಕೋಣೆಗಳಲ್ಲಿ ನಡೆಯುತ್ತಿದ್ದ ಗುಟ್ಟಿನ ಪಾಠಶಾಲೆಗಳಲ್ಲಿ ತಮ್ಮ ಅಕ್ಷರಗಳನ್ನು ಕಲಿಯಬೇಕಾಯಿತು. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ, ಜರ್ಮನ್ ನುಡಿಯುವವರು ಊರು ಬಿಟ್ಟು ಜರ್ಮನಿಗೆ ಹೋಗಬೇಕು ಇಲ್ಲವೇ ಭಾಷೆ ಬಿಟ್ಟು ಇಟಲಿಯಲ್ಲಿ ಉಳಿಯಬೇಕು ಎಂಬ ಆಯ್ಕೆಯನ್ನು ಮುಂದಿಟ್ಟರು. ಒಂದೇ ಮನೆಯ ಅಣ್ಣತಮ್ಮಂದಿರು ಇದರಿಂದ ಮಾತು ಬಿಟ್ಟ ಪ್ರಸಂಗಗಳು ಅಲ್ಲಿ ಇಂದಿಗೂ ಸ್ಮರಣೆಯಲ್ಲಿವೆ. ಯುದ್ಧ ಮುಗಿದ ಮೇಲೆ 1946ರ ಒಪ್ಪಂದ, ಅನಂತರ 1972ರ ಸ್ವಾಯತ್ತತೆಯ ಶಾಸನ ಬಂದು, ಇಂದು ಪ್ರತಿ ಫಲಕದಲ್ಲೂ ಎರಡು ಹೆಸರುಗಳು, ಲಾದಿನ್ ಕಣಿವೆಗಳಲ್ಲಿ ಮೂರು ಹೆಸರುಗಳು ಕಾಣುತ್ತವೆ. ನೀವು ಕೈಯಲ್ಲಿ ಹಿಡಿಯುವ ನಕ್ಷೆಯಲ್ಲಿ ಎರಡೂ ಹೆಸರುಗಳಿರಲಿ. ಇಲ್ಲವಾದರೆ ಬಸ್ಸಿನ ಫಲಕ ಓದಿ ಗಲಿಬಿಲಿಯಾಗುತ್ತದೆ. ಈ ಅಂಕಣದಲ್ಲಿ ನಾನು ಪ್ರವಾಸಿಗರಿಗೆ ಹೆಚ್ಚು ರೂಢಿಯಾದ ಹೆಸರನ್ನೇ ಬಳಸಿದ್ದೇನೆ, ಅದರಲ್ಲಿ ಯಾರ ಪರವೂ ಇಲ್ಲ.

ಪ್ರಶ್ನೆ: ಸಂಜೆಯ ಹೊತ್ತಿಗೆ ಡೊಲೊಮೈಟ್ ಬೆಟ್ಟಗಳು ಗುಲಾಬಿ ಬಣ್ಣಕ್ಕೆ ತಿರುಗುವುದು ನಿಜವೇ, ಅಥವಾ ಕ್ಯಾಮೆರಾದ ಕೈಚಳಕವೇ? ನಿಜವಾದರೆ ಆ ಕಲ್ಲಿನಲ್ಲಿ ಅಂಥದ್ದೇನಿದೆ? (ವಿಜ್ಞಾನ ಶಿಕ್ಷಕಿಯೊಬ್ಬರು, ಶಿವಮೊಗ್ಗ)

ಉತ್ತರ: ನಿಜ. ಕಲ್ಲಿಗಿಂತ ಹೆಚ್ಚಾಗಿ ಅದು ಬೆಳಕಿನ ಕೆಲಸ. ಸೂರ್ಯ ದಿಗಂತಕ್ಕೆ ಇಳಿದಾಗ ಕಿರಣಗಳು ವಾತಾವರಣದಲ್ಲಿ ಬಹಳ ದೂರ ಸಾಗಿ ಬರಬೇಕಾದ್ದರಿಂದ ನೀಲಿ ಬೆಳಕು ದಾರಿಯಲ್ಲೇ ಚದುರಿ, ಕೆಂಪು ಕಿತ್ತಳೆಗಳು ಮಾತ್ರ ಉಳಿಯುತ್ತವೆ ಎಂಬುದನ್ನು ನೀವೇ ತರಗತಿಯಲ್ಲಿ ಹೇಳಿರುತ್ತೀರಿ. ಆ ಬೆಳಕಿಗೆ ಇಲ್ಲಿ ಸಿಗುವ ಪರದೆ ಅಸಾಧಾರಣವಾದುದು: ಬೂದು ಮಿಶ್ರಿತ ಬಿಳಿ ಬಣ್ಣದ, ನೂರಾರು ಮೀಟರ್ ನೆಟ್ಟಗೆ ನಿಂತ, ಗಿಡಮರಗಳಿಲ್ಲದ ಬರಿಗೋಡೆ. ಕಪ್ಪು ಕಲ್ಲಿನ ಬೆಟ್ಟ ಅದೇ ಬೆಳಕನ್ನು ನುಂಗಿಬಿಡುತ್ತದೆ. ಲಾದಿನ್ ಭಾಷೆಯಲ್ಲಿ ಈ ಸಂಜೆಗೆಂಪಿಗೆ ಎನ್ರೊಸಾದಿರಾ ಎಂಬ ಹೆಸರಿದೆ, ಗುಲಾಬಿಯಾಗುವುದು ಎಂದು ಅದರ ಅರ್ಥ.

ಇನ್ನು ಕಲ್ಲಿನ ವಿಚಾರ. ಸುಮಾರು 25 ಕೋಟಿಯಿಂದ 20 ಕೋಟಿ ವರ್ಷಗಳ ಹಿಂದಿನ ಟ್ರಯಾಸಿಕ್ ಯುಗದಲ್ಲಿ ಇಲ್ಲಿ ಟೆಥಿಸ್ ಎಂಬ ಬೆಚ್ಚನೆಯ, ಆಳವಿಲ್ಲದ ಸಮುದ್ರವಿತ್ತು. ಹವಳ, ಪಾಚಿ ಮತ್ತು ಚಿಪ್ಪುಜೀವಿಗಳು ಅದರೊಳಗೆ ಕಟ್ಟಿದ ದಿಬ್ಬಗಳೇ, ಮುಂದೆ ಆಫ್ರಿಕಾದ ಕಡೆಯ ಭೂಫಲಕ ಯುರೋಪಿನದಕ್ಕೆ ಒತ್ತಿಕೊಂಡಾಗ ಮೇಲೆದ್ದು ಇಂದಿನ ಶಿಖರಗಳಾದವು. ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಲಾವಾ, ಬೂದಿ, ಕೆಸರು ತುಂಬಿಕೊಂಡು ಮೆದು ಶಿಲೆಯಾಯಿತು. ಸೈಸರ್ ಆಲ್ಮ್ ಎಂಬ ಹುಲ್ಲುಗಾವಲಿನಲ್ಲಿ ನಿಂತರೆ ಇದನ್ನು ಕಣ್ಣಾರೆ ಕಾಣಬಹುದು. ಕಾಲಡಿಯ ಅಲೆಅಲೆಯಾದ ಹಸಿರು ನೆಲ ಆ ಮೆದು ಶಿಲೆಯದು; ಪಕ್ಕದಲ್ಲಿ ಒಮ್ಮೆಲೇ ಗೋಡೆಯಂತೆ ಎದ್ದಿರುವ 2,563 ಮೀಟರ್ ಎತ್ತರದ ಶ್ಲೆರ್ನ್ ಬೆಟ್ಟ ಹಳೆಯ ಸಮುದ್ರದ ದಿಬ್ಬ.

ಸುಣ್ಣಕಲ್ಲಿನಂತೆ ಕಂಡರೂ ದುರ್ಬಲ ಆಮ್ಲ ಹಾಕಿದಾಗ ಅದರಂತೆ ಜೋರಾಗಿ ನೊರೆ ಉಕ್ಕದ ಕಲ್ಲೊಂದು ಈ ಆಲ್ಪ್ಸ್ ಸೀಮೆಯಲ್ಲಿದೆ ಎಂಬುದನ್ನು ಗುರುತಿಸಿದವರು ಫ್ರೆಂಚ್ ವಿಜ್ಞಾನಿ ದೇವೊದಾ ದ ದೊಲೊಮ್ಯೂ. ಸುಣ್ಣಕಲ್ಲಿನ ಕ್ಯಾಲ್ಸಿಯಂನಲ್ಲಿ ಒಂದು ಪಾಲಿನ ಜಾಗವನ್ನು ಮೆಗ್ನೀಷಿಯಂ ಹಿಡಿದುಕೊಂಡಿರುವುದೇ ಇದಕ್ಕೆ ಕಾರಣ. 1792ರಲ್ಲಿ ಕಲ್ಲಿಗೆ ಅವರ ಹೆಸರು ಬಂತು, ಕಲ್ಲಿನಿಂದ ಬೆಟ್ಟಸಾಲಿಗೆ ಬಂತು. 2009ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಡೊಲೊಮೈಟ್‌ನ ಒಂಬತ್ತು ಭಾಗಗಳು ದಕ್ಷಿಣ ಟಿರೋಲ್ ಒಂದರಲ್ಲೇ ಇಲ್ಲ, ನೆರೆಯ ಪ್ರಾಂತ್ಯಗಳಲ್ಲೂ ಹರಡಿವೆ ಎಂಬುದನ್ನೂ ಹೇಳಬೇಕು, ಏಕೆಂದರೆ ನಮ್ಮ ಹಿಂದಿನ ಸಂಚಿಕೆಯಲ್ಲಿ ಆ ವಿವರ ಬಿಟ್ಟುಹೋಗಿತ್ತು.

ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಕಥೆಯನ್ನೂ ಹೇಳಬಹುದು. ಬೊಲ್ಜಾನೊ ಪಟ್ಟಣದ ಪೂರ್ವಕ್ಕೆ ಕಾಣುವ ರೋಸೆನ್‌ಗಾರ್ಟನ್ ಎಂಬ ಬೆಟ್ಟಸಾಲಿನಲ್ಲಿ ಲೌರಿನ್ ಎಂಬ ಕುಬ್ಜರ ಅರಸನ ಗುಲಾಬಿ ತೋಟವಿತ್ತಂತೆ. ತೋಟದ ಕಾರಣದಿಂದಲೇ ಶತ್ರುಗಳ ಕೈಗೆ ಸಿಕ್ಕಿಬಿದ್ದ ಅವನು, ಹಗಲಿನಲ್ಲಾಗಲಿ ಇರುಳಿನಲ್ಲಾಗಲಿ ಈ ಹೂಗಳು ಯಾರ ಕಣ್ಣಿಗೂ ಬೀಳದಿರಲಿ ಎಂದು ಶಪಿಸಿದ. ಮುಸ್ಸಂಜೆಯನ್ನು ಹೇಳುವುದಕ್ಕೆ ಮರೆತ. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನ ಈ ಉಪಾಯ ಹಿರಣ್ಯಕಶಿಪುವಿನ ಕಥೆ ಕೇಳಿ ಬೆಳೆದ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಶೆಟ್ಟಿಹಳ್ಳಿಯ ಇಗರ್ಜಿ ಗೊರೂರು ಜಲಾಶಯದ ಹಿನ್ನೀರಿನಲ್ಲಿ ನಿಂತಿದೆ. ನೀವು ಪ್ರಕಟಿಸಿದ ಚಿತ್ರದಲ್ಲೂ ಸರೋವರದ ನಡುವೆ ಒಂದು ಗೋಪುರವಿತ್ತು. ಅದರ ಹಿನ್ನೆಲೆ ಏನು? (ಓದುಗರೊಬ್ಬರು, ಹಾಸನ)

ಉತ್ತರ: ನಿಮ್ಮ ಹೋಲಿಕೆ ಸರಿಯಾಗಿದೆ, ಅದೂ ಮುಳುಗಡೆಯ ಕಥೆಯೇ. ಆಸ್ಟ್ರಿಯಾದ ಗಡಿಗೆ ಹತ್ತಿರದ ರೇಶನ್ ಘಾಟಿಯ ಬಳಿ ಗ್ರೌನ್ ಎಂಬ ಊರಿತ್ತು. ಜಲವಿದ್ಯುತ್ತಿಗಾಗಿ ಅಲ್ಲಿದ್ದ ಎರಡು ಸಹಜ ಸರೋವರಗಳನ್ನು ಒಂದುಗೂಡಿಸುವ ಅಣೆಕಟ್ಟು ಕಟ್ಟಿ, ನೀರಿನ ಮಟ್ಟವನ್ನು 22 ಮೀಟರ್ ಏರಿಸಿದಾಗ 1950ರಲ್ಲಿ ಗ್ರೌನ್ ಪೂರ್ತಿಯಾಗಿ, ಪಕ್ಕದ ರೇಶನ್ ಭಾಗಶಃ ಮುಳುಗಿದವು. 163 ಮನೆಗಳು ಹೋದವು, 523 ಹೆಕ್ಟೇರ್ ಭೂಮಿ ನೀರಿನಡಿ ಸೇರಿತು. ದನ ಸಾಕಿ ಬದುಕುತ್ತಿದ್ದವರಿಗೆ ಮನೆ ಹೋಗುವುದಕ್ಕಿಂತ ಹುಲ್ಲಿನ ನೆಲ ಹೋಗುವುದು ದೊಡ್ಡ ಪೆಟ್ಟು. ಬಹಳ ಕುಟುಂಬಗಳು ಕಣಿವೆಯನ್ನೇ ಬಿಟ್ಟವು. ಶರಾವತಿ, ಕೃಷ್ಣೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶೆಟ್ಟಿಹಳ್ಳಿಗೂ ಗ್ರೌನ್‌ಗೂ ಒಂದು ವ್ಯತ್ಯಾಸವಿದೆ. ನಿಮ್ಮಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ಇಗರ್ಜಿಯ ಗೋಡೆಗಳ ನಡುವೆ ಓಡಾಡಬಹುದು. ಅಲ್ಲಿ ಮನೆಗಳನ್ನೂ ಇಗರ್ಜಿಯನ್ನೂ ನೀರು ಬಿಡುವ ಮುಂಚೆಯೇ ಕೆಡವಲಾಯಿತು. 14ನೇ ಶತಮಾನದ್ದೆಂಬ ಕಾರಣಕ್ಕೆ ಗಂಟೆಗೋಪುರವೊಂದನ್ನು ಮಾತ್ರ ಉಳಿಸಿಕೊಂಡರು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಜನ ಮಂಜುಗಡ್ಡೆಯ ಮೇಲೆ ನಡೆದೇ ಗೋಪುರದ ಬಳಿ ಹೋಗುತ್ತಾರೆ. ಆ ದಿನಗಳಲ್ಲಿ ಒಳಗಿನಿಂದ ಗಂಟೆಯ ದನಿ ಕೇಳುತ್ತದೆ ಎಂಬ ನಂಬಿಕೆ ಇದೆ, ಗಂಟೆಗಳನ್ನು 1950ರಲ್ಲೇ ಇಳಿಸಿ ಒಯ್ದಿದ್ದರೂ. ದಡದಲ್ಲಿ ಗೋಪುರಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆಯುವವರ ಸಾಲು ಕಂಡು ನನಗೆ ಮುಜುಗರವಾಯಿತು. ಆದರೆ ಫಲಕ ಓದದೆ ಹೋದರೆ ನಾನೂ ಅದನ್ನು ಬರಿಯ ಚೆಂದದ ನೋಟವೆಂದೇ ಭಾವಿಸುತ್ತಿದ್ದೆ.

ಪ್ರಶ್ನೆ: ವೆನಿಸ್‌ನಲ್ಲಿ ಕಾರು ಬಾಡಿಗೆಗೆ ಪಡೆದು ನಾಲ್ಕು ದಿನಗಳಲ್ಲಿ ತ್ರೆ ಚೀಮೆ, ಬ್ರೈಯೆಸ್ ಸರೋವರ, ಫ್ಯೂನೆಸ್ ಕಣಿವೆ, ಸೈಸರ್ ಆಲ್ಮ್, ಬೊಲ್ಜಾನೊ, ಮೆರಾನೊ, ರೇಶನ್ ಮತ್ತು ಸ್ಟೆಲ್ವಿಯೊ ಘಾಟಿ ನೋಡಬೇಕೆಂದಿದ್ದೇವೆ. ಆಗಸ್ಟ್‌ನಲ್ಲಿ ರಜೆ ಇದೆ. ಸಲಹೆ ಕೊಡಿ. (ದಂಪತಿ, ಬೆಂಗಳೂರು)

ಉತ್ತರ: ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ತ್ರೆ ಚೀಮೆ ಎಂಬ ಮೂರು ಶಿಖರಗಳು ಪ್ರಾಂತ್ಯದ ಪೂರ್ವದ ಅಂಚಿನಲ್ಲಿವೆ, ಸ್ಟೆಲ್ವಿಯೊ ಪಶ್ಚಿಮದ ಅಂಚಿನಲ್ಲಿದೆ. ನಡುವೆ ಸುಮಾರು 200 ಕಿಲೋಮೀಟರ್ ಬೆಟ್ಟದ ರಸ್ತೆ. 2,757 ಮೀಟರ್ ಎತ್ತರದ ಸ್ಟೆಲ್ವಿಯೊಗೆ ಈ ಬದಿಯಿಂದ ಏರಲು 48 ಹೇರ್‌ಪಿನ್ ತಿರುವುಗಳಿವೆ. 1820ರಿಂದ 1825ರ ನಡುವೆ ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ಕಟ್ಟಿಸಿದ ಆ ರಸ್ತೆ ನೋಡತಕ್ಕದ್ದೇ, ಆದರೆ ಎಡಬದಿಯ ಸ್ಟಿಯರಿಂಗ್ ಹಿಡಿದು ರಸ್ತೆಯ ಬಲಬದಿಯಲ್ಲಿ ಓಡಿಸಲು ಮೊದಲ ಬಾರಿಗೆ ಕಲಿಯುವ ಜಾಗವಲ್ಲ. ಪಶ್ಚಿಮವನ್ನು ಇನ್ನೊಂದು ಪ್ರವಾಸಕ್ಕೆ ಬಿಡಿ.

ಆಗಸ್ಟ್ ತಿಂಗಳು ಇಟಲಿಯವರಿಗೆಲ್ಲ ರಜೆಯ ತಿಂಗಳು, ಆದ್ದರಿಂದ ವರ್ಷದಲ್ಲೇ ಹೆಚ್ಚಿನ ಜನಸಂದಣಿ. ಬ್ರೈಯೆಸ್ ಸರೋವರಕ್ಕೆ ಬೇಸಿಗೆಯ ತಿಂಗಳುಗಳಲ್ಲಿ ಹಗಲು ಹೊತ್ತು ಕಾರಿನಲ್ಲಿ ಹೋಗಬೇಕಾದರೆ ಮುಂಗಡವಾಗಿ ಕಾಯ್ದಿರಿಸಿಕೊಳ್ಳಬೇಕು. ಸೈಸರ್ ಆಲ್ಮ್‌ಗೆ ಹೋಗುವ ರಸ್ತೆ ಹಗಲಿನ ಬಹುಪಾಲು ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ, ಕೆಳಗಿನಿಂದ ಕೇಬಲ್ ಕಾರಿನಲ್ಲಿ ಏರಬೇಕು. ತ್ರೆ ಚೀಮೆಯ ಬುಡದವರೆಗಿನ ರಸ್ತೆ ಸುಂಕದ ರಸ್ತೆ. ಮೂರರ ನಿಯಮಗಳನ್ನೂ ಆಯಾ ವರ್ಷ ನೋಡಿಕೊಂಡು ಹೊರಡಿ. ಸಾಧ್ಯವಾದರೆ ರಜೆಯನ್ನು ಸೆಪ್ಟೆಂಬರ್ ಎರಡನೆಯ ವಾರಕ್ಕೆ ಸರಿಸಿ. ಮಧ್ಯಾಹ್ನದ ಗುಡುಗುಮಳೆ ಕಡಿಮೆಯಾಗಿರುತ್ತದೆ, ಬೆಟ್ಟದ ಮೇಲಿನ ಛತ್ರಗಳು ಇನ್ನೂ ತೆರೆದಿರುತ್ತವೆ, ಮೇಯಲು ಹೋದ ದನಗಳನ್ನು ಹೂವು, ಗಂಟೆಗಳಿಂದ ಸಿಂಗರಿಸಿ ಕೆಳಗಿಳಿಸುವ ಮೆರವಣಿಗೆಯೂ ಕಾಣಸಿಗಬಹುದು.

ತ್ರೆ ಚೀಮೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾರು ನಿಲ್ಲಿಸುವ ಔರೊಂಜೊ ಛತ್ರದ ಬಳಿಯಿಂದ ಮೂರು ಶಿಖರಗಳನ್ನು ನೋಡಿ, ಚಿತ್ರದಲ್ಲಿದ್ದಂತೆ ಕಾಣಲಿಲ್ಲವೆಂದು ನಿರಾಶರಾಗಿ ಹಿಂದಿರುಗುವವರಿದ್ದಾರೆ. ಅಲ್ಲಿಂದ ಕಾಣುವುದು ಬೆನ್ನು. ಪ್ರಸಿದ್ಧವಾದ ಉತ್ತರದ ಗೋಡೆಗಳನ್ನು ನೋಡಬೇಕಾದರೆ ಅಗಲವಾದ, ಕಷ್ಟವಿಲ್ಲದ ದಾರಿಯಲ್ಲಿ ಸುಮಾರು ಒಂದು ಗಂಟೆ ನಡೆದು 2,454 ಮೀಟರ್ ಎತ್ತರದ ಲಾವಾರೆದೊ ಕಣಿವೆಬಾಗಿಲನ್ನು ದಾಟಬೇಕು. ಪೂರ್ತಿ ಸುತ್ತು ಹಾಕಿದರೆ ಹತ್ತು ಕಿಲೋಮೀಟರ್, ನಾಲ್ಕು ಗಂಟೆ. ನಡುವಿನ ಶಿಖರ 2,999 ಮೀಟರ್. ಒಂದೇ ಮೀಟರಿಗೆ ಮೂರು ಸಾವಿರ ತಪ್ಪಿದೆ. 1869ರಲ್ಲಿ ಪೌಲ್ ಗ್ರೋಮನ್ ತನ್ನ ಇಬ್ಬರು ಮಾರ್ಗದರ್ಶಿಗಳೊಂದಿಗೆ ಮೊದಲು ಇದನ್ನು ಏರಿದ. ಸುತ್ತಲಿನ ಬಂಡೆಗಳಲ್ಲಿ ಕಾಣುವ ಸುರಂಗಗಳೂ ಕಂದಕಗಳೂ 1915ರಿಂದ 1917ರವರೆಗೆ ಇಟಲಿ ಮತ್ತು ಆಸ್ಟ್ರಿಯಾ ಸೈನ್ಯಗಳು ಇಲ್ಲಿ ಎದುರುಬದುರಾಗಿ ನಿಂತಾಗ ಕೊರೆದವು.

ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನ ಎರಡು ಗಂಟೆಯೊಳಗೆ ಎತ್ತರದಿಂದ ಇಳಿದುಬಿಡಿ. ದಾರಿಗಳಿಗೆ ಕೆಂಪು ಬಿಳಿ ಪಟ್ಟಿಯ ಗುರುತು, ಸಂಖ್ಯೆ ಇರುತ್ತದೆ. ತುರ್ತು ಕರೆಗೆ 112. ನಿಮ್ಮ ಪ್ರವಾಸ ವಿಮೆಯಲ್ಲಿ ಬೆಟ್ಟದ ರಕ್ಷಣಾಕಾರ್ಯದ ವೆಚ್ಚ ಸೇರಿದೆಯೇ ಎಂದು ಸಣ್ಣ ಅಕ್ಷರಗಳಲ್ಲಿ ಓದಿ.

ಪ್ರಶ್ನೆ: ಚಿತ್ರದಲ್ಲಿನ ಹುಲ್ಲುಗಾವಲುಗಳು ಬಾಚಣಿಗೆ ಹಾಕಿದಂತಿವೆ. ನಮ್ಮ ಅಡಿಕೆ ತೋಟದ ಸೊಪ್ಪಿನಬೆಟ್ಟವನ್ನು ಒಂದು ವರ್ಷ ಬಿಟ್ಟರೆ ಕಾಡು ತುಂಬುತ್ತದೆ. ಅಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಸರ್ಕಾರವೇ? (ಕೃಷಿಕರೊಬ್ಬರು, ಶಿರಸಿ)

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪ್ರಶ್ನೆ ಇದು. ನೋಡಿಕೊಳ್ಳುವವರು ರೈತರು. ಆ ಹಸಿರು ಇಳಿಜಾರುಗಳು ಸಹಜವಾಗಿ ಹುಟ್ಟಿದವಲ್ಲ. ಮಧ್ಯಯುಗದಿಂದ ಕಾಡು ಕಡಿದು, ಕಲ್ಲು ಆಯ್ದು, ವರ್ಷವರ್ಷವೂ ಹುಲ್ಲು ಕೊಯ್ದು ಉಳಿಸಿಕೊಂಡವು. ಟ್ರ್ಯಾಕ್ಟರ್ ನಿಲ್ಲದ ಕಡಿದಾದ ಜಾಗಗಳಲ್ಲಿ ಈಗಲೂ ಉದ್ದ ಹಿಡಿಯ ಕುಡುಗೋಲಿನಿಂದ ಕೊಯ್ಯುತ್ತಾರೆ. ಕೊಯ್ಯುವುದನ್ನು ಬಿಟ್ಟರೆ ಮೊದಲು ಪೊದೆ, ಆಮೇಲೆ ಲಾರ್ಚ್, ಸ್ಪ್ರೂಸ್ ಮರಗಳು ಬಂದು ಕೆಲವೇ ದಶಕಗಳಲ್ಲಿ ಹುಲ್ಲುಗಾವಲು ಮಾಯವಾಗುತ್ತದೆ, ನಿಮ್ಮ ಬೆಟ್ಟದಲ್ಲಿ ಆಗುವಂತೆಯೇ. ಯುರೋಪಿನ ಅತಿ ದೊಡ್ಡ ಎತ್ತರದ ಹುಲ್ಲುಗಾವಲೆಂದು ಹೆಸರಾದ ಸೈಸರ್ ಆಲ್ಮ್, ಸುಮಾರು 56 ಚದರ ಕಿಲೋಮೀಟರ್, ಇಂದಿಗೂ ಮೇವಿನ ನೆಲವೇ ಆಗಿದೆ. ಹೀಗಾಗಿ ಹುಲ್ಲು ಬೆಳೆದು ನಿಂತಿರುವಾಗ ದಾರಿ ಬಿಟ್ಟು ನಡೆಯುವ ಪ್ರವಾಸಿಗರು ಅಲ್ಲಿನವರ ಬೈಗುಳ ತಿನ್ನುತ್ತಾರೆ.

ಇದು ಉಳಿದುಬಂದದ್ದಕ್ಕೆ ಒಂದು ಕಾನೂನು ಕಾರಣವೂ ಇದೆ. ಅಲ್ಲಿ ಮುಚ್ಚಿದ ಹಿಡುವಳಿ ಎಂಬ ಪದ್ಧತಿಯಿದೆ: ಮನೆ, ಕೊಟ್ಟಿಗೆ, ಹೊಲ, ಕಾಡು ಎಲ್ಲವೂ ಸೇರಿ ಒಂದೇ ಘಟಕ, ಅದನ್ನು ಪಾಲು ಮಾಡುವಂತಿಲ್ಲ, ಒಬ್ಬ ವಾರಸುದಾರನಿಗೆ ಇಡಿಯಾಗಿ ಹೋಗಬೇಕು. ಹಳೆಯ ಟಿರೋಲ್ ಸೀಮೆಯ ಈ ಪದ್ಧತಿಯನ್ನು ಇಟಲಿ ರದ್ದುಪಡಿಸಿತ್ತು, 1954ರಲ್ಲಿ ಪ್ರಾಂತ್ಯದ ಆಡಳಿತ ಮತ್ತೆ ಶಾಸನವಾಗಿ ತಂದಿತು. ಉಳಿದ ಮಕ್ಕಳಿಗೆ ಪರಿಹಾರ ಸಿಗುತ್ತದೆ, ಜಮೀನು ಸಿಗುವುದಿಲ್ಲ. ಪಾಲಾಗಿ ಪಾಲಾಗಿ ಗುಂಟೆಗಳಿಗೆ ಇಳಿದ ಹಿಡುವಳಿಗಳನ್ನು ನೋಡಿದ ನಮಗೆ ಇದರ ಲಾಭವೂ ತಿಳಿಯುತ್ತದೆ, ಪಾಲು ಸಿಗದವರ ಸಂಕಟವೂ ತಿಳಿಯುತ್ತದೆ.

ಪಶ್ಚಿಮದ ವಿನ್ಶ್‌ಗೌ ಕಣಿವೆಯ ಕಥೆ ಬೇರೆ. ಎರಡೂ ಬದಿಯ ಎತ್ತರದ ಬೆಟ್ಟಗಳು ಮಳೆಮೋಡಗಳನ್ನು ತಡೆಯುವುದರಿಂದ ಅಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಮಾತ್ರ. ಹಿಮನದಿಗಳ ನೀರನ್ನು ಬೆಟ್ಟದ ಓರೆಯಲ್ಲಿ ಮೈಲುಗಟ್ಟಲೆ ಹರಿಸಿ ತರುವ ವಾಲ್ ಎಂಬ ಕಾಲುವೆಗಳನ್ನು ರೈತರು ಶತಮಾನಗಳ ಹಿಂದೆಯೇ ತೋಡಿದರು. ಕಾಲುವೆಯಲ್ಲಿ ಸಣ್ಣ ನೀರಚಕ್ರವೊಂದು ತಿರುಗುತ್ತ ಗಂಟೆಯನ್ನು ಬಡಿಯುತ್ತಿರುತ್ತದೆ. ಗಂಟೆ ನಿಂತಿತೆಂದರೆ ಎಲ್ಲೋ ಕಾಲುವೆ ಕಟ್ಟಿದೆ ಅಥವಾ ಒಡೆದಿದೆ ಎಂದರ್ಥ, ಕಾವಲುಗಾರ ಗುದ್ದಲಿ ಹಿಡಿದು ಹೊರಡುತ್ತಾನೆ. ಈಗ ಕಾಲುವೆಯ ಏರಿಗಳು ನಡೆಯುವವರಿಗೆ ನೆರಳಿನ ಸಮದಾರಿಗಳಾಗಿವೆ. ಕಣಿವೆಯ ತಳದಲ್ಲೆಲ್ಲ ಸೇಬು. ಏಪ್ರಿಲ್‌ನಲ್ಲಿ ಹೂಬಿಟ್ಟಾಗ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಸೂಚನೆ ಕಂಡರೆ ರೈತರು ಗಿಡಗಳ ಮೇಲೆ ನೀರು ಸಿಂಪಡಿಸುತ್ತಾರೆ. ನೀರು ಗಡ್ಡೆಕಟ್ಟುವಾಗ ಹೊರಬರುವ ಶಾಖವೇ ಹೂವನ್ನು ಕಾಪಾಡುತ್ತದೆ. ಬೆಳಗಿನ ಬಿಸಿಲಿಗೆ ಗಾಜಿನೊಳಗಿಟ್ಟಂತೆ ಹೊಳೆಯುವ ಆ ತೋಟಗಳು ಬಲು ಚೆಂದ. ಔಷಧಿ ಹೊಡೆಯುವ ವಿಚಾರದಲ್ಲಿ ಮಾತ್ರ ಜಗಳವಿದೆ: 2014ರಲ್ಲಿ ಮಾಲ್ಸ್ ಊರಿನವರು ಕೀಟನಾಶಕ ಬೇಡವೆಂದು ಜನಮತದಲ್ಲಿ ತೀರ್ಮಾನಿಸಿದ್ದು ಯುರೋಪಿನಲ್ಲೆಲ್ಲ ಸುದ್ದಿಯಾಗಿತ್ತು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಬೆಟ್ಟದ ಮೇಲೆ ಏನು ಸಿಗುತ್ತದೆ? (ಗೃಹಿಣಿಯೊಬ್ಬರು, ವಿಜಯಪುರ)

ಉತ್ತರ: ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು, ಕೇಳಿ ತಿಳಿದುಕೊಂಡರೆ. ಹಳೆಯ ರೊಟ್ಟಿಯನ್ನು ನೆನೆಸಿ ಉಂಡೆ ಕಟ್ಟಿ ಬೇಯಿಸುವ ಕ್ನೋಡೆಲ್‌ನಲ್ಲಿ ಸಾಮಾನ್ಯವಾಗಿ ಹೊಗೆಯಾಡಿಸಿದ ಹಂದಿಮಾಂಸ ಇರುತ್ತದೆ. ಪಾಲಕ್ ಅಥವಾ ಚೀಸ್ ಹಾಕಿದ ಬಗೆಗಳೂ ಇವೆ, ಅವುಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಮೊಟ್ಟೆ ಒಲ್ಲದವರು ಆಲೂಗಡ್ಡೆ, ಸಲಾಡ್, ಟೊಮೆಟೊ ಸಾರಿನ ಪಾಸ್ತಾವನ್ನು ಕೇಳಬಹುದು, ಪಾಸ್ತಾ ಒಣ ಹಿಟ್ಟಿನದೋ ಮೊಟ್ಟೆ ಬೆರೆಸಿದ್ದೋ ಎಂದು ವಿಚಾರಿಸಿ. ಬಾರ್ಲಿ ಸೂಪನ್ನು ಮಾಂಸ ಹಾಕಿಯೇ ಮಾಡುವುದು ರೂಢಿ. ನಿಮಗೆ ತವರಿನ ನೆನಪು ತರುವ ತಿನಿಸೊಂದಿದೆ: ರೈ ಹಿಟ್ಟಿನ ಶ್ಯೂಟೆಲ್‌ಬ್ರೋಟ್. ತೆಳ್ಳಗೆ, ಗರಿಗರಿಯಾಗಿ, ತಿಂಗಳುಗಟ್ಟಲೆ ಕೆಡದೆ ಇರುವ ಇದು ನಿಮ್ಮ ಕಡಕ್ ರೊಟ್ಟಿಯ ದೂರದ ನೆಂಟ. ಹಿಟ್ಟಿಗೆ ಸೋಂಪಿನಂಥ ಕಾಳುಗಳನ್ನೂ ಹಾಕುತ್ತಾರೆ. ಶೇಂಗಾ ಚಟ್ನಿಪುಡಿ ಜೊತೆಗಿದ್ದರೆ ಇನ್ನೇನೂ ಬೇಡ.

ಪ್ರಶ್ನೆ: ಹಿಮದಲ್ಲಿ ಸಿಕ್ಕ ಮನುಷ್ಯನ ದೇಹ ನಿಜವಾಗಿಯೂ ಅಲ್ಲಿ ನೋಡಲು ಇದೆಯೇ? (ಒಂಬತ್ತನೇ ತರಗತಿಯ ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಇದೆ, ಬೊಲ್ಜಾನೊದ ಪುರಾತತ್ವ ಸಂಗ್ರಹಾಲಯದಲ್ಲಿ. 1991ರ ಸೆಪ್ಟೆಂಬರ್ 19ರಂದು ಚಾರಣಕ್ಕೆ ಹೋಗಿದ್ದ ಜರ್ಮನ್ ದಂಪತಿಗೆ 3,210 ಮೀಟರ್ ಎತ್ತರದಲ್ಲಿ ಕರಗುತ್ತಿದ್ದ ಹಿಮದೊಳಗೆ ಆ ದೇಹ ಕಂಡಿತು. ಯಾರೋ ಇತ್ತೀಚೆಗೆ ಸತ್ತ ಚಾರಣಿಗನೆಂದು ಮೊದಲು ಭಾವಿಸಿದ್ದರು. ಅವನು ಬದುಕಿದ್ದದ್ದು ಸುಮಾರು 5,300 ವರ್ಷಗಳ ಹಿಂದೆ. ಓಟ್ಸಿ ಎಂದು ಅವನನ್ನು ಕರೆಯುತ್ತಾರೆ. ತಾಮ್ರದ ಕೊಡಲಿ, ಬಿಲ್ಲು, ಹುಲ್ಲು ತುಂಬಿದ ಪಾದರಕ್ಷೆ ಜೊತೆಯಲ್ಲೇ ಸಿಕ್ಕವು. ಎಡ ಭುಜದೊಳಗೆ ಬಾಣದ ಕಲ್ಲಿನ ಮೊನೆ ಇತ್ತು, ಅಂದರೆ ಅವನನ್ನು ಯಾರೋ ಕೊಂದಿದ್ದರು. ಮೈನಸ್ 6 ಡಿಗ್ರಿ ಶೀತದ ಕೋಣೆಯಲ್ಲಿ ದೇಹವನ್ನಿಟ್ಟಿದ್ದಾರೆ, ಸಣ್ಣ ಕಿಟಕಿಯೊಂದರಿಂದ ನೋಡಬಹುದು.

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಹೆಚ್ಚು ನಡೆಯಲಾರರು. ಮೂರು ದಿನಗಳಲ್ಲಿ ಅವರಿಗೆ ಏನು ತೋರಿಸಬಹುದು? (ಓದುಗರೊಬ್ಬರು, ಮ್ಯೂನಿಕ್)

ಉತ್ತರ: ಕಾರು ಬೇಡ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್ ದಾಟಿ, 1,370 ಮೀಟರ್ ಎತ್ತರದ ಬ್ರೆನ್ನರ್ ಘಾಟಿಯ ಮೇಲೆ ಹಾದುಬರುವ ನೇರ ರೈಲು ನಾಲ್ಕು ಗಂಟೆಗಳಲ್ಲಿ ಬೊಲ್ಜಾನೊ ಮುಟ್ಟಿಸುತ್ತದೆ. 1867ರಲ್ಲಿ ತೆರೆದ ಆ ರೈಲುಮಾರ್ಗದ ಕಿಟಕಿಯ ನೋಟವೇ ಪ್ರವಾಸದ ಕಾಲುಭಾಗ. ಜರ್ಮನಿಗೆ ಪಡೆದ ಷೆಂಗೆನ್ ವೀಸಾ ಆಸ್ಟ್ರಿಯಾ, ಇಟಲಿಗಳಿಗೂ ಸಲ್ಲುತ್ತದೆ. ಆದರೆ ಗಡಿಯಲ್ಲಿ ಆಗೊಮ್ಮೆ ಈಗೊಮ್ಮೆ ತಪಾಸಣೆ ಇರುವುದರಿಂದ ಪಾಸ್‌ಪೋರ್ಟ್‌ಗಳು ಸೂಟ್‌ಕೇಸಿನ ತಳದಲ್ಲಿ ಬೇಡ.

ಬೊಲ್ಜಾನೊದಲ್ಲಿ ಇಳಿದುಕೊಳ್ಳಿ. ಊರಿರುವುದು ಸಮುದ್ರಮಟ್ಟದಿಂದ 262 ಮೀಟರ್ ಮಾತ್ರ ಎತ್ತರದಲ್ಲಿ, ಆದ್ದರಿಂದ ಜುಲೈನಲ್ಲಿ ಧಗೆ ಇರುತ್ತದೆ. ಮೊದಲ ದಿನ ರೈಲುನಿಲ್ದಾಣದ ಹತ್ತಿರದಿಂದಲೇ ಕೇಬಲ್ ಕಾರಿನಲ್ಲಿ ರಿಟ್ಟನ್ ಪ್ರಸ್ಥಭೂಮಿಗೆ ಏರಿ, 1907ರಲ್ಲಿ ಆರಂಭವಾದ ಪುಟ್ಟ ರೈಲಿನಲ್ಲಿ ಹುಲ್ಲುಗಾವಲುಗಳ ನಡುವೆ ಕೊನೆಯ ನಿಲ್ದಾಣದವರೆಗೆ ಹೋಗಿ. ಅಲ್ಲಿಂದ ಸ್ವಲ್ಪ ದೂರದಲ್ಲಿ ಮಣ್ಣಿನ ಪಿರಮಿಡ್‌ಗಳಿವೆ: ಹಿಮನದಿ ಬಿಟ್ಟುಹೋದ ಜೇಡಿಯನ್ನು ಮಳೆ ಕೊರೆಯುವಾಗ, ಮೇಲೆ ಬಂಡೆ ಕೂತಿದ್ದ ಕಡೆ ಮಾತ್ರ ಮಣ್ಣು ಕೊಚ್ಚಿಹೋಗದೆ ಎತ್ತರದ ಕಂಬಗಳಾಗಿ ನಿಂತಿದೆ, ಪ್ರತಿ ಕಂಬದ ತಲೆಯ ಮೇಲೂ ಕಲ್ಲಿನ ಟೋಪಿ. ಎರಡನೆಯ ದಿನ ಬಸ್ಸಿನಲ್ಲಿ ಹೋಗಿ ಕೇಬಲ್ ಕಾರಿನಿಂದ ಸೈಸರ್ ಆಲ್ಮ್ ಏರಿದರೆ ಮೇಲಿನ ನಿಲ್ದಾಣದ ಬಳಿಯೇ ಶ್ಲೆರ್ನ್ ಎದುರಿಗಿರುತ್ತದೆ, ಅಮ್ಮ ಬೆಂಚಿನ ಮೇಲೆ ಕೂತು ಇಡೀ ಬೆಳಗನ್ನು ಕಳೆಯಬಹುದು. ಮೂರನೆಯ ದಿನಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಮೆರಾನೊ. ಅಲ್ಲಿನ ಟ್ರೌಟ್‌ಮನ್ಸ್‌ಡೋರ್ಫ್ ಉದ್ಯಾನ ಇಳಿಜಾರಿನಲ್ಲಿರುವುದರಿಂದ ಮಂಡಿಗೆ ಅಷ್ಟು ಹಿತವಲ್ಲ. ಪಾಸಿರಿಯೊ ನದಿಯ ದಂಡೆಯ ಸಮತಟ್ಟಾದ ನಡೆದಾರಿ ಸಾಕು.

ವಸತಿಗೃಹದವರನ್ನು ಅತಿಥಿಗಳ ಪ್ರಯಾಣದ ಪಾಸ್ ಕೊಡುತ್ತೀರಾ ಎಂದು ಬುಕ್ ಮಾಡುವಾಗಲೇ ಕೇಳಿ. ಅದಿದ್ದರೆ ಪ್ರಾಂತ್ಯದೊಳಗಿನ ಬಸ್ಸು, ಸ್ಥಳೀಯ ರೈಲುಗಳಿಗೆ ಬೇರೆ ಟಿಕೆಟ್ ಬೇಕಿಲ್ಲ. ಮೇ ತಿಂಗಳಲ್ಲಿ ಅಥವಾ ನವೆಂಬರಿನಲ್ಲಿ ಅವರು ಬರುವುದಾದರೆ ಸೈಸರ್ ಆಲ್ಮ್‌ನ ಕೇಬಲ್ ಕಾರ್ ನಡೆಯುತ್ತಿದೆಯೇ ಎಂದು ಮೊದಲು ವಿಚಾರಿಸಿ, ಏಕೆಂದರೆ ಋತುಗಳ ನಡುವಿನ ಆ ವಾರಗಳಲ್ಲಿ ಅಲ್ಲಿನ ಬಹಳಷ್ಟು ಕೇಬಲ್ ಕಾರುಗಳನ್ನು ದುರಸ್ತಿಗೆ ನಿಲ್ಲಿಸಿರುತ್ತಾರೆ.